ಬೈಗುಳ ಬಿರುದಾದ ಬಗೆ: ಒಕ್ಲಹೋಮಾದವರ ಎರಡು ಅಡ್ಡಹೆಸರು

ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಊರು ಮರೆಯಬಹುದು. ಊರೇ ಇಟ್ಟ ಹೆಸರನ್ನು ಮಾತ್ರ ಯಾರೂ ಮರೆಯುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಅಂತ ಮನೆತನದ ಅಡ್ಡಹೆಸರು ಕೇಳಿದರೆ ಹೊರಗಿನವರು ನಗುತ್ತಾರೆ. ನಮಗೆ ನಗು ಬರುವುದಿಲ್ಲ. ಅಂಥ ಹೆಸರಿನ ಹಿಂದೆ ಒಂದು ಬೆಳೆಯೋ, ಒಂದು ವ್ಯಾಪಾರವೋ, ಒಮ್ಮೊಮ್ಮೆ ಒಂದು ಹಳೇ ಜಗಳವೋ ಇರುತ್ತದೆ ಅಂತ ನಮಗೆ ಗೊತ್ತು.

ಮನೆತನಕ್ಕೆ ಅಡ್ಡಹೆಸರು ಇರುವ ಹಾಗೆ ಇಡೀ ರಾಜ್ಯದ ಜನಕ್ಕೇ ಅಡ್ಡಹೆಸರು ಇರುವ ದೇಶ ಒಂದಿದೆ, ಅದು ಅಮೆರಿಕ. ಅಲ್ಲಿಯ ಇಂಡಿಯಾನಾ ರಾಜ್ಯದವರಿಗೆ 'ಹೂಜರ್' ಅಂತಾರೆ. ಉತ್ತರ ಕೆರೊಲೈನಾದವರಿಗೆ 'ಟಾರ್ ಹೀಲ್', ಅಂದ್ರೆ ಟಾರು ಮೆತ್ತಿದ ಹಿಮ್ಮಡಿಯವರು ಅಂತಾರೆ. ಅವೆಲ್ಲದರಲ್ಲಿ ಒಕ್ಲಹೋಮಾ ರಾಜ್ಯದವರ ಹೆಸರಿನ ಕಥೆಯನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಅವರಿಗೆ ಒಂದಲ್ಲ, ಎರಡು ಅಡ್ಡಹೆಸರು: ಒಂದು 'ಸೂನರ್', ಇನ್ನೊಂದು 'ಓಕಿ'. ಎರಡೂ ಹೊಲದಲ್ಲಿ ಹುಟ್ಟಿದವು. ಒಂದು ಹೊಲ ಹಿಡಿದವರ ಹೆಸರು, ಇನ್ನೊಂದು ಹೊಲ ಕಳಕೊಂಡವರ ಹೆಸರು. ಭೂಮಿ, ಬೆಳೆ, ಸಾಲ ಈ ಮೂರರ ಸುತ್ತಲೇ ಬದುಕುವ ಸಹಕಾರಿ ಬಂಧುಗಳು ಇದನ್ನು ಓದಬೇಕು ಅನ್ನಿಸಿತು.

ಯಾರ ನೆಲ ಅದು?

ಮೊದಲು ರಾಜ್ಯದ ಹೆಸರನ್ನೇ ನೋಡೋಣ. ಒಕ್ಲಹೋಮಾ ಎಂಬುದು ಇಂಗ್ಲಿಷ್ ಮಾತಲ್ಲ. ಅದು ಚಾಕ್ಟಾ ಎಂಬ ಮೂಲನಿವಾಸಿಗಳ ಭಾಷೆಯದು. 'ಒಕ್ಲ' ಅಂದರೆ ಜನ, 'ಹುಮ್ಮ' ಅಂದರೆ ಕೆಂಪು. 1866ರಲ್ಲಿ ಚಾಕ್ಟಾ ಮುಖಂಡ ಅಲೆನ್ ರೈಟ್ ಸೂಚಿಸಿದ ಹೆಸರು ಇದು. ಅಂದ್ರೆ ನೆಲದ ಹೆಸರು ಮೂಲನಿವಾಸಿಗಳದು. ಆದರೆ ನೆಲದಲ್ಲಿರುವವರಿಗೆ ಬಿದ್ದ ಅಡ್ಡಹೆಸರು ಆಮೇಲೆ ಬಂದವರದು. ಕಥೆಯೆಲ್ಲ ಇಷ್ಟರಲ್ಲೇ ಇದೆ.

ಮೂಲನಿವಾಸಿಗಳಲ್ಲೂ ಅನೇಕರು ಅಲ್ಲಿಗೆ ತಾವಾಗಿ ಬಂದವರಲ್ಲ. ಚೆರೊಕೀ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಎಂಬ ಐದು ಜನಾಂಗಗಳು ಅಮೆರಿಕದ ಆಗ್ನೇಯ ಭಾಗದಲ್ಲಿ ಹೊಲ ಮನೆ ಮಾಡಿಕೊಂಡಿದ್ದವು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ, 1830ರಲ್ಲಿ, ಅವರನ್ನು ಎಬ್ಬಿಸಿ ಮಿಸಿಸಿಪಿ ನದಿಯ ಆಚೆಗೆ ಕಳಿಸುವ ಕಾಯ್ದೆ ಆಯಿತು. 1838-39ರಲ್ಲಿ ಚೆರೊಕೀ ಜನರನ್ನು ಸೈನ್ಯದ ಕಾವಲಿನಲ್ಲಿ ಹೊರಡಿಸಿದಾಗ ಚಳಿ, ಹಸಿವು, ರೋಗದಿಂದ ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಲೆಕ್ಕ. ಆ ದಾರಿಗೆ 'ಕಣ್ಣೀರಿನ ದಾರಿ' ಎಂದೇ ಹೆಸರಾಯಿತು. ಹಾಗೆ ಎಬ್ಬಿಸಿ ತಂದವರಿಗೆ, ಇನ್ನು ಈ ನೆಲ ನಿಮ್ಮದೇ ಅಂತ ಸರಕಾರ ಬರೆದುಕೊಟ್ಟಿತು.

ಬರೆದುಕೊಟ್ಟದ್ದು ಎಷ್ಟು ದಿನ ನಿಂತೀತು? ಅಮೆರಿಕದ ಒಳಯುದ್ಧ ಮುಗಿದ ಮೇಲೆ 1866ರಲ್ಲಿ ಹೊಸ ಕರಾರುಗಳಾದವು. ಸೆಮಿನೋಲರು ಇಪ್ಪತ್ತೊಂದು ಲಕ್ಷ ಎಕರೆಗೂ ಹೆಚ್ಚು ಭೂಮಿಯನ್ನು ಎಕರೆಗೆ 15 ಸೆಂಟಿನಂತೆ ಬಿಟ್ಟುಕೊಟ್ಟರು. ನೂರು ಸೆಂಟಿಗೆ ಒಂದು ಡಾಲರು. ಅವರು ಬದುಕುವುದಕ್ಕೆ ಬೇರೆ ಜಾಗ ಬೇಕಲ್ಲ, ಅದಕ್ಕೆ ಅದೇ ಸರಕಾರ ಎರಡು ಲಕ್ಷ ಎಕರೆಯನ್ನು ಎಕರೆಗೆ 50 ಸೆಂಟಿನಂತೆ ಅವರಿಗೇ ಮಾರಿತು. ಆ ಎರಡು ಲಕ್ಷ ಎಕರೆ ಕ್ರೀಕ್ ಜನರಿಂದ ಬಂದದ್ದು. ಕ್ರೀಕರಿಗೆ ಸಿಕ್ಕ ದರ ಎಕರೆಗೆ 30 ಸೆಂಟು. ಸಂತೆಯಲ್ಲಿ ದಲ್ಲಾಳಿ ಮಾಡುವ ವ್ಯಾಪಾರ ಕಂಡ ನಮ್ಮ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಿಡಿಸಿಕೊಂಡ ಭೂಮಿಯ ನಡುವೆ ಯಾವ ಜನಾಂಗಕ್ಕೂ ಕೊಡದೆ ಉಳಿದ ಒಂದು ತುಂಡು ಇತ್ತು, ಸುಮಾರು ಹತ್ತೊಂಬತ್ತು ಲಕ್ಷ ಎಕರೆ. ಅದರ ಮೇಲೆ ನೆರೆಯ ಕ್ಯಾನ್ಸಸ್ ರಾಜ್ಯದ ಕಡೆಯವರ ಕಣ್ಣು ಬಿತ್ತು. ನೆಲ ತೆರೆಯಿರಿ ಅಂತ ಗದ್ದಲ ಮಾಡಿದವರಿಗೆ 'ಬೂಮರ್' ಅಂದರು. ಅವರ ಮುಂದಾಳು ಡೇವಿಡ್ ಪೇನ್. ಗುಂಪು ಕಟ್ಟಿಕೊಂಡು ಒಳಗೆ ಹೋಗುವುದು, ಸೈನ್ಯ ಬಂದು ಹೊರಗೆ ಹಾಕುವುದು, ಮತ್ತೆ ಹೋಗುವುದು. 1884ರಲ್ಲಿ ಪೇನ್ ತೀರಿಕೊಂಡರು, ಆದರೆ ಗದ್ದಲ ನಿಲ್ಲಲಿಲ್ಲ. ಕೊನೆಗೆ 1889ರ ಮಾರ್ಚ್‌ನಲ್ಲಿ ಸಂಸತ್ತು ನೆಲ ತೆರೆಯಲು ಒಪ್ಪಿತು.

ಮಧ್ಯಾಹ್ನ ಹನ್ನೆರಡರ ಓಟ

ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಹೊರಡಿಸಿದ ಪ್ರಕಟಣೆ ಹೀಗಿತ್ತು: 1889ರ ಏಪ್ರಿಲ್ 22ರ ಮಧ್ಯಾಹ್ನ ಸರಿಯಾಗಿ ಹನ್ನೆರಡು ಗಂಟೆಗೆ ನೆಲ ತೆರೆಯುತ್ತದೆ. ಅದಕ್ಕೆ ಮುಂಚೆ ಯಾರೂ ಒಳಗೆ ಕಾಲಿಡಬಾರದು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಒಬ್ಬೊಬ್ಬರಿಗೆ 160 ಎಕರೆ. ಮೊದಲು ಹೋಗಿ ಗೂಟ ಹೊಡೆದು, ಭೂಮಿ ಕಚೇರಿಯಲ್ಲಿ ಹೆಸರು ಬರೆಸಿ, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದವರಿಗೆ ಹಕ್ಕುಪತ್ರ. ಗಂಡಸರಷ್ಟೇ ಅಲ್ಲ, ವಿಧವೆಯರೂ ಮದುವೆಯಾಗದ ಹೆಣ್ಣುಮಕ್ಕಳೂ ಹಕ್ಕು ಕೇಳಬಹುದಿತ್ತು.

ಆ ದಿನ ಗಡಿಯ ಸುತ್ತ ಸುಮಾರು ಐವತ್ತು ಸಾವಿರ ಜನ ನಿಂತಿದ್ದರೆಂದು ಅಂದಾಜು. ಕುದುರೆ ಮೇಲೆ, ಚಕ್ಕಡಿಯಲ್ಲಿ, ರೈಲಿನಲ್ಲಿ, ಕೆಲವರು ಬರಿಗಾಲಲ್ಲಿ. ಸೈನಿಕರು ಸೂಚನೆ ಕೊಟ್ಟ ಕ್ಷಣಕ್ಕೆ ಎಲ್ಲರೂ ಒಮ್ಮೆಲೇ ನುಗ್ಗಿದರು. ಬೆಳಿಗ್ಗೆ ಒಂದು ರೈಲು ನಿಲ್ದಾಣ, ನಾಲ್ಕು ಮನೆ ಇದ್ದ ಗತ್ರಿ ಎಂಬ ಜಾಗದಲ್ಲಿ ಸಂಜೆಗೆ ಹತ್ತು ಸಾವಿರ ಜನರ ಡೇರೆಯ ಊರು ಎದ್ದಿತ್ತು. ಇಂದಿನ ರಾಜಧಾನಿ ಒಕ್ಲಹೋಮಾ ಸಿಟಿ ಹುಟ್ಟಿದ್ದೂ ಅದೇ ದಿನ.

ಆದರೆ ನಿಯಮ ಪಾಲಿಸಿ ಓಡಿದವರಿಗೆ ಒಂದು ಆಶ್ಚರ್ಯ ಕಾದಿತ್ತು. ಗತ್ರಿಗೆ ಮೊದಲ ರೈಲು ಮುಟ್ಟಿದಾಗ ಅಲ್ಲಿ ಆಗಲೇ ಗೂಟಗಳು ನಿಂತಿದ್ದವು, ಡೇರೆಗಳೂ ನಿಂತಿದ್ದವು. ಹನ್ನೆರಡಕ್ಕೆ ಹೊರಟವರು ಮುಟ್ಟುವ ಮೊದಲೇ ಬಂದು ಕೂತ ಇವರು ಯಾರು?

ಮೊದಲೇ ಹೊಕ್ಕವರು

ಅವರೇ 'ಸೂನರ್'ಗಳು. ಇಂಗ್ಲಿಷಿನಲ್ಲಿ 'ಸೂನ್' ಅಂದರೆ ಬೇಗ, 'ಸೂನರ್' ಅಂದರೆ ಅದಕ್ಕಿಂತ ಬೇಗ. ಗಂಟೆ ಹೊಡೆಯುವ ಮೊದಲೇ ಹೊಕ್ಕವರು ಎಂಬ ಅರ್ಥ. ರಾತ್ರಿ ಕತ್ತಲಲ್ಲಿ ಗಡಿ ದಾಟಿ ಹಳ್ಳದ ಪಕ್ಕದಲ್ಲೋ ಪೊದೆಯ ಮರೆಯಲ್ಲೋ ಅಡಗಿ ಕೂತು, ಹನ್ನೆರಡಾದ ಮೇಲೆ ಈಗ ತಾನೇ ಓಡಿಬಂದೆ ಅಂತ ಎದ್ದು ನಿಂತವರು.

ಇವರ ಬಗ್ಗೆ ಆ ಕಡೆ ಬೇಕಾದಷ್ಟು ಹಾಸ್ಯದ ಕಥೆಗಳಿವೆ. ದೂರದಿಂದ ದೌಡಾಯಿಸಿ ಬಂದಂತೆ ಕಾಣಲಿ ಅಂತ ಕುದುರೆಯ ಮೈಗೆ ಸಾಬೂನು ಹಚ್ಚಿ ನೊರೆ ಎಬ್ಬಿಸಿದರಂತೆ. ಇನ್ನೊಬ್ಬನ ಹೊಲಕ್ಕೆ ಹೋಗಿ ನೋಡಿದರೆ ಆಗಲೇ ಗೇಣುದ್ದ ಉಳ್ಳಾಗಡ್ಡಿ ಬೆಳೆದು ನಿಂತಿತ್ತಂತೆ. ಏನಪ್ಪಾ ಇದು ಅಂತ ಕೇಳಿದರೆ, ಈ ಮಣ್ಣು ಅಷ್ಟು ಫಲವತ್ತು, ಈಗ ಹದಿನೈದು ನಿಮಿಷದ ಹಿಂದೆ ನೆಟ್ಟದ್ದು ಅಂದನಂತೆ! ಕಥೆ ನಿಜವೋ ಸುಳ್ಳೋ, ಜನ ಅವರನ್ನು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಸಾಕ್ಷಿಯಂತೂ ಹೌದು.

ಕಾನೂನು ನಗಲಿಲ್ಲ. ಮೊದಲೇ ಹೊಕ್ಕವರಿಗೆ ಭೂಮಿಯ ಹಕ್ಕಿಲ್ಲ ಅಂತ ಆ ಕಾಯ್ದೆಯಲ್ಲೇ ಒಂದು ಕಲಮು ಇತ್ತು. ಇಂದು ಅದನ್ನು 'ಸೂನರ್ ಕಲಮು' ಅಂತಲೇ ಕರೆಯುತ್ತಾರೆ. ತೊಡಕು ಏನೆಂದರೆ, ಕೆಲವರು ಕೆಲಸದ ನಿಮಿತ್ತ ಕಾನೂನಿನ ಪ್ರಕಾರವೇ ಒಳಗಿದ್ದರು: ಪೊಲೀಸ್ ಅಧಿಕಾರಿಗಳು, ಸರ್ವೆಯವರು, ರೈಲ್ವೆ ಕೂಲಿಗಳು. ಸ್ಮಿತ್ ಎಂಬ ರೈಲ್ವೆ ಕೆಲಸಗಾರ ರೈಲು ದಾರಿಯ ಜಾಗದಲ್ಲೇ ವಾಸವಾಗಿದ್ದ. ಹನ್ನೆರಡು ಹೊಡೆದ ಮೇಲೆ ಪಕ್ಕದ ಹೊಲಕ್ಕೆ ಕಾಲಿಟ್ಟು, ಇದು ನನ್ನದು ಅಂದ. ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಳಗೆ ಇರಲು ಪರವಾನಗಿ ಇದ್ದವನಿಗೆ ಉಳಿದವರಿಗಿಂತ ಮುಂಚೆ ಓಡುವ ಪರವಾನಗಿ ಇಲ್ಲ ಎಂದು 1893ರಲ್ಲಿ ತೀರ್ಪಾಯಿತು. ಸ್ಮಿತ್ ಸೋತ.

ಎಲ್ಲ ಜಗಳವೂ ಕೋರ್ಟಿನಲ್ಲಿ ಮುಗಿಯಲಿಲ್ಲ. ಪೇನ್ ನಂತರ ಬೂಮರ್‌ಗಳ ಮುಂದಾಳಾಗಿದ್ದ ವಿಲಿಯಂ ಕೌಚ್ ಒಕ್ಲಹೋಮಾ ಸಿಟಿಯ ಮೊದಲ ತಾತ್ಕಾಲಿಕ ಮೇಯರ್ ಆದರು. ಅವರ ಹೊಲದ ಮೇಲೂ ತಕರಾರು ಬಂತು. ಎದುರು ಹಕ್ಕುದಾರ ಹಾರಿಸಿದ ಗುಂಡಿಗೆ ಗಾಯಗೊಂಡು 1890ರ ಏಪ್ರಿಲ್ 21ರಂದು ಸತ್ತರು. ಓಟಕ್ಕೆ ಒಂದು ವರ್ಷ ತುಂಬುವುದಕ್ಕೆ ಒಂದೇ ದಿನ ಬಾಕಿ ಇತ್ತು.

ಮುಂದೆ 1893ರ ಸೆಪ್ಟೆಂಬರ್ 16ರಂದು ಚೆರೊಕೀ ಔಟ್‌ಲೆಟ್ ಎಂಬ ಅರವತ್ತು ಲಕ್ಷ ಎಕರೆಗೂ ಮಿಗಿಲಾದ ಪ್ರದೇಶಕ್ಕೆ ಇದಕ್ಕಿಂತ ದೊಡ್ಡ ಓಟ ನಡೆಯಿತು. ಲಕ್ಷಕ್ಕೂ ಹೆಚ್ಚು ಜನ ಓಡಿದರು. ಸೂನರ್‌ಗಳನ್ನು ತಡೆಯಲು ಈ ಸಲ ಮೊದಲೇ ಹೆಸರು ನೋಂದಾಯಿಸಿ ಚೀಟಿ ಕೊಟ್ಟರು, ಆದರೂ ಕದ್ದು ಹೊಕ್ಕವರು ಹೊಕ್ಕೇ ಹೊಕ್ಕರು. ಕೊನೆಗೆ ಬೇಸತ್ತು 1901ರಲ್ಲಿ ಇನ್ನೊಂದು ಪ್ರದೇಶ ತೆರೆಯುವಾಗ ಓಟ ಬಿಟ್ಟು ಲಾಟರಿ ಎತ್ತಿದರು.

ಬೈಗುಳ ಬಿರುದಾಯಿತು

ಹತ್ತು ಹದಿನೈದು ವರ್ಷ 'ಸೂನರ್' ಅಂದರೆ ಕಳ್ಳ ಅಂದ ಹಾಗೆಯೇ ಇತ್ತು. ಆಮೇಲೆ ನೆನಪು ಹಳತಾಯಿತು, ಹೊಲ ಬೆಳೆಯಿತು, ಮಕ್ಕಳು ಶಾಲೆಗೆ ಹೋದರು. ಮೊದಲೇ ಹೊಕ್ಕವನು ಮೋಸಗಾರ ಎಂಬ ಅರ್ಥ ಮಾಸಿ, ಎಲ್ಲರಿಗಿಂತ ಮುಂದೆ ಇರುವವನು, ಚುರುಕಿನವನು ಎಂಬ ಅರ್ಥ ಬಂತು. ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ 1905ರಲ್ಲಿ 'ಬೂಮರ್ ಸೂನರ್' ಎಂಬ ಆಟದ ಹಾಡು ಹುಟ್ಟಿತು. 1907ರ ನವೆಂಬರ್ 16ರಂದು ಒಕ್ಲಹೋಮಾ 46ನೆಯ ರಾಜ್ಯವಾಯಿತು. ಮಾರನೆಯ ವರ್ಷ ವಿಶ್ವವಿದ್ಯಾಲಯದ ತಂಡ 'ಸೂನರ್ಸ್' ಎಂಬ ಹೆಸರನ್ನೇ ಇಟ್ಟುಕೊಂಡಿತು. ಆಮೇಲೆ ಇಡೀ ರಾಜ್ಯಕ್ಕೇ 'ಸೂನರ್ ರಾಜ್ಯ' ಅಂತ ರೂಢಿಯಾಯಿತು. ಫುಟ್‌ಬಾಲ್ ಪಂದ್ಯದಲ್ಲಿ ತಂಡ ಅಂಕ ಗಳಿಸಿದಾಗ ಮೈದಾನದಲ್ಲಿ ಓಡುವ ಬಂಡಿಯ ಎರಡು ಕುದುರೆಗಳ ಹೆಸರು ಬೂಮರ್ ಮತ್ತು ಸೂನರ್.

ಇನ್ನು ಯಾರ ನೆಲ ಹೋಯಿತೋ ಅವರ ಮಾತು. 1887ರ ಡಾಸ್ ಕಾಯ್ದೆಯಿಂದ ಮೂಲನಿವಾಸಿಗಳ ಸಮುದಾಯದ ಭೂಮಿಯನ್ನು ಒಬ್ಬೊಬ್ಬರ ಹೆಸರಿಗೆ ತುಂಡು ಮಾಡಿ, ಮಿಕ್ಕದ್ದನ್ನು ಹೊರಗಿನವರಿಗೆ ತೆರೆದರು. ದೇಶದಾದ್ಯಂತ 1887ರಲ್ಲಿ ಹದಿಮೂರು ಕೋಟಿ ಎಂಬತ್ತು ಲಕ್ಷ ಎಕರೆ ಇದ್ದ ಅವರ ಭೂಮಿ 1934ರ ಹೊತ್ತಿಗೆ ನಾಲ್ಕು ಕೋಟಿ ಎಂಬತ್ತು ಲಕ್ಷಕ್ಕೆ ಇಳಿಯಿತು. 1905ರಲ್ಲಿ ಅವರು 'ಸೆಕ್ವೊಯಾ' ಎಂಬ ತಮ್ಮದೇ ರಾಜ್ಯ ಬೇಕೆಂದು ಸಂವಿಧಾನವನ್ನೂ ಬರೆದುಕೊಂಡು ಹೋದರು, ಸಂಸತ್ತು ಒಪ್ಪಲಿಲ್ಲ. ಮೊನ್ನೆ ಮೊನ್ನೆ, 2020ರ ಜುಲೈ 9ರಂದು, ಕ್ರೀಕ್ ಜನರಿಗೆ ಮೀಸಲಿಟ್ಟ ಪ್ರದೇಶವನ್ನು ಸಂಸತ್ತು ಎಂದೂ ರದ್ದು ಮಾಡಿಲ್ಲ, ಅಪರಾಧ ಕಾನೂನಿನ ಮಟ್ಟಿಗೆ ಅದು ಇಂದಿಗೂ ಇದ್ದೇ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಐವರು ನ್ಯಾಯಾಧೀಶರು ಪರ, ನಾಲ್ವರು ವಿರುದ್ಧ. ಕಾಗದ ಹಳತಾದರೂ ಸಾಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

ಮಣ್ಣು ಎದ್ದು ಹೋಯಿತು

ಈಗ ಎರಡನೆಯ ಹೆಸರಿಗೆ ಬರೋಣ. ಓಡಿ ಹಿಡಿದ ಭೂಮಿ ಓಡಿದವರ ಮಕ್ಕಳ ಕೈಯಲ್ಲಿ ಉಳಿಯಿತೇ? ಬಹಳ ಜನರ ಕೈಯಲ್ಲಿ ಉಳಿಯಲಿಲ್ಲ. ಸಾಲ, ಬಡ್ಡಿ, ಹತ್ತಿ ಮತ್ತು ಗೋದಿಯ ಬೆಲೆ ಕುಸಿತ, ಇವು ಒಂದರ ಹಿಂದೆ ಒಂದು ಬಂದವು. 1935ರ ಹೊತ್ತಿಗೆ ಒಕ್ಲಹೋಮಾದ ರೈತರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಇನ್ನೊಬ್ಬರ ಹೊಲ ಮಾಡುವ ಗೇಣಿದಾರರಾಗಿದ್ದರು.

ಒಂದನೇ ಮಹಾಯುದ್ಧದ ಕಾಲದಲ್ಲಿ ಗೋದಿಗೆ ಒಳ್ಳೇ ಬೆಲೆ ಬಂದಿತ್ತೆಂದು ಹುಲ್ಲುಗಾವಲನ್ನೆಲ್ಲ ಟ್ರ್ಯಾಕ್ಟರ್ ಹಾಕಿ ಉತ್ತಿದ್ದರು. ಮಣ್ಣು ಹಿಡಿದಿಟ್ಟಿದ್ದ ಹುಲ್ಲಿನ ಬೇರು ಹೋಯಿತು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು, ಗಾಳಿ ಎದ್ದಿತು. 1935ರ ಏಪ್ರಿಲ್ 14ರ ಭಾನುವಾರ ಹಾಡಹಗಲೇ ಕತ್ತಲೆ ಕವಿಯುವಷ್ಟು ಧೂಳು ಬಂತು. ಅದನ್ನು 'ಕಪ್ಪು ಭಾನುವಾರ' ಅಂತಾರೆ. ರಾಬರ್ಟ್ ಗೈಗರ್ ಎಂಬ ವರದಿಗಾರ ತನ್ನ ವರದಿಯಲ್ಲಿ ಬಳಸಿದ 'ಡಸ್ಟ್ ಬೌಲ್', ಅಂದ್ರೆ ಧೂಳಿನ ಬೋಗುಣಿ, ಎಂಬ ಮಾತೇ ಆ ಸೀಮೆಗೆ ಹೆಸರಾಯಿತು.

ಆದರೆ ಊರು ಬಿಟ್ಟವರಲ್ಲಿ ಹೆಚ್ಚಿನವರನ್ನು ಓಡಿಸಿದ್ದು ಧೂಳು ಅಲ್ಲ. ಧೂಳು ಎದ್ದದ್ದು ರಾಜ್ಯದ ಪಶ್ಚಿಮದ ತುದಿಯಲ್ಲಿ. ಬಹುಪಾಲು ಜನ ಹೊರಟದ್ದು ಹತ್ತಿ ಬೆಳೆಯುವ ಸೀಮೆಯಿಂದ. 1933ರಲ್ಲಿ ಬೆಲೆ ಏರಿಸಲೆಂದು ಸರಕಾರ, ಹತ್ತಿ ಕಡಿಮೆ ಬಿತ್ತಿದವರಿಗೆ ಹಣ ಕೊಡುವ ಯೋಜನೆ ತಂದಿತು. ಬಹಳ ಕಡೆ ಹಣ ಹೊಲದೊಡೆಯನಿಗೆ ಹೋಯಿತು. ಬಿತ್ತನೆ ಕಡಿಮೆಯಾದ ಮೇಲೆ ಗೇಣಿದಾರ ಯಾಕೆ ಬೇಕು? ಅವನನ್ನು ಬಿಡಿಸಿದ ಹೊಲದೊಡೆಯ ಬಂದ ಹಣದಲ್ಲಿ ಟ್ರ್ಯಾಕ್ಟರ್ ಕೊಂಡ. ಒಳ್ಳೇ ಉದ್ದೇಶದ ಯೋಜನೆ ಕೊನೆಯ ಮನುಷ್ಯನ ಕೈಗೆ ಮುಟ್ಟುವ ಮೊದಲೇ ಹೇಗೆ ದಾರಿ ತಪ್ಪುತ್ತದೆ ನೋಡಿ. 1930ರಲ್ಲಿ ಸುಮಾರು 23 ಲಕ್ಷ 96 ಸಾವಿರ ಇದ್ದ ರಾಜ್ಯದ ಜನಸಂಖ್ಯೆ 1940ಕ್ಕೆ 23 ಲಕ್ಷ 36 ಸಾವಿರಕ್ಕೆ ಇಳಿಯಿತು. ಹುಟ್ಟಿದ ಮಕ್ಕಳ ಲೆಕ್ಕ ಸೇರಿಯೂ ಇಷ್ಟು ಕಡಿಮೆಯಾಗಬೇಕಾದರೆ ಊರು ಬಿಟ್ಟವರು ಎಷ್ಟಿರಬೇಕು!

ಓಕಿ

ಹಳೇ ಕಾರಿನ ಮೇಲೆ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೇರಿಕೊಂಡು ಅವರು ಕ್ಯಾಲಿಫೋರ್ನಿಯಾಕ್ಕೆ ಹೊರಟರು, ಹಣ್ಣು ಹತ್ತಿ ಬಿಡಿಸುವ ಕೂಲಿಗೆ. ಅಲ್ಲಿಯವರು ಅವರಿಗೆ ಇಟ್ಟ ಹೆಸರು 'ಓಕಿ'. ಒಕ್ಲಹೋಮಾ ಎಂಬುದರ ಮೊಟಕು ರೂಪ ಅಷ್ಟೆ. ಮೊದಲು ಅದರಲ್ಲಿ ಬೈಗುಳ ಇರಲಿಲ್ಲ. ಆದರೆ ಆಡುವವನ ನಾಲಿಗೆಯಲ್ಲಿ ವಿಷ ಇದ್ದರೆ ಸಾದಾ ಮಾತೂ ಬೈಗುಳವೇ. ಟೆಕ್ಸಸ್, ಅರ್ಕನ್ಸಾ, ಮಿಸೌರಿಯಿಂದ ಬಂದ ಬಡವರಿಗೂ 'ಓಕಿ' ಅಂದರು. ಕೊಳಕ, ದಿಕ್ಕಿಲ್ಲದವ, ಬಿಟ್ಟಿ ತಿನ್ನಲು ಬಂದವ ಎಂಬ ಅರ್ಥಗಳೆಲ್ಲ ಅದಕ್ಕೆ ಅಂಟಿಕೊಂಡವು.

1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರು ತಮ್ಮ ಊರು ಬಿಟ್ಟು ರಾಜ್ಯದ ಗಡಿಗೇ ಹೋಗಿ, ಕೈಯಲ್ಲಿ ಕಾಸಿಲ್ಲದವರನ್ನು ತಿರುಗಿಸಿ ಕಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಬಡವರನ್ನು ಹೊರಗಿನಿಂದ ಕರೆತರುವುದೇ ಅಪರಾಧ ಎಂಬ ಕಾಯ್ದೆಯೂ ಇತ್ತು. ಎಡ್ವರ್ಡ್ಸ್ ಎಂಬವರು 1939ರಲ್ಲಿ ಕೆಲಸವಿಲ್ಲದ ತಮ್ಮ ಹೆಂಡತಿಯ ಸಹೋದರನನ್ನು ಟೆಕ್ಸಸ್‌ನಿಂದ ಕಾರಿನಲ್ಲಿ ಕರೆತಂದದ್ದಕ್ಕೆ ಶಿಕ್ಷೆಯಾಯಿತು. ನೆಂಟನನ್ನು ಮನೆಗೆ ಕರೆತಂದದ್ದಕ್ಕೆ! 1941ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. ಜಾನ್ ಸ್ಟೈನ್‌ಬೆಕ್ 1939ರಲ್ಲಿ ಬರೆದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿ ಈ ಜನರ ಕಥೆಯೇ.

ಓಕಿ ಎಂಬ ಮಾತೂ ಕಾಲಕ್ರಮದಲ್ಲಿ ತಿರುಗಿತು. ಮರ್ಲ್ ಹ್ಯಾಗರ್ಡ್ ಎಂಬ ಗಾಯಕ ಹೀಗೆ ಕ್ಯಾಲಿಫೋರ್ನಿಯಾಕ್ಕೆ ಹೋದ ಒಕ್ಲಹೋಮಾ ದಂಪತಿಗಳ ಮಗ. ನಾನು ಓಕಿ ಎಂಬುದೇ ನನ್ನ ಹೆಮ್ಮೆ ಎಂದು ಸಾರುವ ಅವರ 1969ರ ಹಾಡು ದೇಶವೆಲ್ಲ ಹೆಸರಾಯಿತು. ಅದೇ ಕಾಲದಲ್ಲಿ ರಾಜ್ಯದ ಗವರ್ನರ್ ಡ್ಯೂಯಿ ಬಾರ್ಟ್ಲೆಟ್ ಓಕಿ ಎಂಬ ಮಾತಿನ ಒಂದೊಂದು ಅಕ್ಷರಕ್ಕೂ ಒಳ್ಳೇ ಅರ್ಥ ಹಚ್ಚಿ ಪ್ರಚಾರ ಮಾಡಿದರು. ಆದರೂ ಆ ಬೈಗುಳ ತಿಂದ ಹಿರಿಯರ ಮನಸ್ಸಿನಿಂದ ಗಾಯ ಅಷ್ಟು ಸುಲಭವಾಗಿ ಮಾಯಲಿಲ್ಲ.

ನಾವು ತಿಳಿಯಬೇಕಾದದ್ದು

ಎರಡೂ ಹೆಸರನ್ನು ಪಕ್ಕಪಕ್ಕ ಇಟ್ಟು ನೋಡಿ. ಸೂನರ್ ನಿಯಮ ಮುರಿದವನು. ಓಕಿ ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೆ ಮುರಿದವನ ಹೆಸರು ಇಪ್ಪತ್ತು ವರ್ಷದೊಳಗೆ ಬಿರುದಾಯಿತು, ದುಡಿದವನ ಹೆಸರು ಬೈಗುಳವಾಯಿತು. ಯಾಕೆ? ಒಬ್ಬನ ಕೈಯಲ್ಲಿ ನೆಲ ಇತ್ತು, ಇನ್ನೊಬ್ಬನ ಕೈಯಲ್ಲಿ ಇರಲಿಲ್ಲ. ಹೆಸರಿನ ಮಾನವನ್ನು ಜಗತ್ತು ನಡತೆಯಿಂದ ಅಳೆಯುತ್ತದೆ ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಒಕ್ಲಹೋಮಾದ ಚರಿತ್ರೆ ಬೇರೆಯೇ ಹೇಳುತ್ತದೆ.

ಅಲ್ಲಿ ಸಹಕಾರದ ದಾರಿ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. 1916ರ ಕಾಯ್ದೆಯಿಂದ ಹನ್ನೆರಡು ಭೂ ಬ್ಯಾಂಕುಗಳಾದವು. ಕನಿಷ್ಠ ಹತ್ತು ರೈತರು ಸೇರಿ ಸಂಘ ಕಟ್ಟಬೇಕು, ಸಾಲದ ನೂರಕ್ಕೆ ಐದರಷ್ಟು ಷೇರು ಕೊಳ್ಳಬೇಕು, ಬಡ್ಡಿ ನೂರಕ್ಕೆ ಆರನ್ನು ಮೀರಬಾರದು. ಓದಿದರೆ ನಮ್ಮ ಸಂಘದ ಬೈಲಾ ಓದಿದ ಹಾಗೇ ಇದೆ. ನಮ್ಮಲ್ಲಿ 1904ರ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದನ್ನು ಇಲ್ಲಿ ನೆನೆಯಬೇಕು. ಆದರೆ ಅಲ್ಲಿಯ ಸಾಲ ಭೂಮಿಯ ಅಡಮಾನದ ಮೇಲೆ ಮಾತ್ರ. ಭೂಮಿಯೇ ಇಲ್ಲದ ಗೇಣಿದಾರನಿಗೆ ಆ ಬಾಗಿಲು ತೆರೆಯಲಿಲ್ಲ. ಯಾರು ಓಕಿಗಳಾದರೋ ಅವರೇ ಸಂಘದ ಹೊರಗೆ ಉಳಿದವರು.

ನಮ್ಮ ಸಂಘಗಳ ಕಡತದಲ್ಲೂ ಒಂದು ಅಡ್ಡಹೆಸರು ಇದೆ: ಸುಸ್ತಿದಾರ. ಮಳೆ ಹೋಗಿ ಬೆಳೆ ಒಣಗಿದ ವರ್ಷ ಕಂತು ಕಟ್ಟಲಾಗದವನಿಗೂ ಅದೇ ಹೆಸರು, ಇದ್ದೂ ಕಟ್ಟದೆ ಓಡಾಡುವವನಿಗೂ ಅದೇ ಹೆಸರು. ನೋಟೀಸು ಬೋರ್ಡಿನ ಮೇಲೆ ಇಬ್ಬರ ಹೆಸರೂ ಒಂದರ ಕೆಳಗೆ ಒಂದು ಬರುತ್ತದೆ. ಒಬ್ಬ ಅದನ್ನು ನೋಡಿ ನಕ್ಕು ಹೋಗುತ್ತಾನೆ, ಇನ್ನೊಬ್ಬ ಆ ಬೀದಿಯಲ್ಲಿ ಬರುವುದನ್ನೇ ಬಿಡುತ್ತಾನೆ. ಸಾಲ ವಸೂಲಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ವಸೂಲಿ ಇಲ್ಲದೆ ಸಂಘ ನಿಲ್ಲದು. ಆದರೆ ಹೆಸರು ಹಚ್ಚುವ ಮೊದಲು ಆ ಮನುಷ್ಯನ ಹೊಲಕ್ಕೆ ಹೋಗಿ ನೋಡುವಷ್ಟು ವ್ಯವಧಾನ ಆಡಳಿತ ಮಂಡಳಿಗೆ ಇರಬೇಕು. ದೂರದ ಬ್ಯಾಂಕಿಗೆ ಅದು ಸಾಧ್ಯವಿಲ್ಲ. ಊರಿನ ಸಂಘಕ್ಕೆ ಸಾಧ್ಯ. ಊರಿಗೊಂದು ಸಂಘ ಬೇಕು ಅನ್ನುವುದು ಅದಕ್ಕೇ.

ಇಪ್ಪತ್ತೈದು ವರ್ಷ ತುಂಬಿದ ನಮ್ಮ ಸಂಘದ ಷೇರು ರಜಿಸ್ಟರಿನಲ್ಲಿ ಇರುವುದು ಅಡ್ಡಹೆಸರುಗಳಲ್ಲ, ಹೆಸರುಗಳು. ಆ ಹೆಸರುಗಳ ಮಾನ ಸಂಘದ ಮಾನವೂ ಹೌದು. ಇನ್ನೂ ರಜಿಸ್ಟರಿಗೆ ಬಾರದ ಗೇಣಿದಾರರ, ಕೂಲಿಕಾರರ ಹೆಸರುಗಳೂ ಮುಂದಿನ ವರ್ಷಗಳಲ್ಲಿ ಅಲ್ಲಿ ಸೇರಲಿ ಎಂದು ಹಾರೈಸುತ್ತೇವೆ.